ಚನ್ನಪಟ್ಟಣದ ದಾರಿಯೂ ಬ್ರೇಕಿನ ಬೆಲೆಯೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು ಸಾಗಿದರೆ ಚನ್ನಪಟ್ಟಣವು ಸಿಕ್ಕುತ್ತದೆ. ಈ ದಾರಿಯಲ್ಲಿ ನಿಲ್ಲುವುದಕ್ಕೆ ಒಂದೊಂದು ಊರೂ ಒಂದೊಂದು ನೆಪವನ್ನು ಇಟ್ಟುಕೊಂಡಿದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದಲ್ಲಿ ರೇಷ್ಮೆಗೂಡಿನ ಪೇಟೆ, ಕೆಂಗಲ್ಲಿನಲ್ಲಿ ಆಂಜನೇಯಸ್ವಾಮಿಯ ಗುಡಿ, ಮದ್ದೂರಿನಲ್ಲಿ ವಡೆ. ಚನ್ನಪಟ್ಟಣದ ನೆಪವೆಂದರೆ ಬೊಂಬೆ. ಗಾಡಿಯು ಊರನ್ನು ಸೇರುವ ಮೊದಲೇ ಅಂಗಡಿಗಳ ಮುಂದೆ ತೂಗುಹಾಕಿದ ಕೆಂಪು ಹಳದಿಯ ಮರದ ಸರಗಳೂ, ಸಾಲಾಗಿ ನಿಲ್ಲಿಸಿದ ತೂಗುಕುದುರೆಗಳೂ ಕಣ್ಣಿಗೆ ಬೀಳುವುವು. ಹಿಂದಿನ ಆಸನದಲ್ಲಿ ಕುಳಿತ ಮಕ್ಕಳು ಅದನ್ನು ನೋಡಿ ಕೂಗಿದ ಮೇಲೆ ಯಾವ ತಂದೆಯೂ ಗಾಡಿಯನ್ನು ನಿಲ್ಲಿಸದೆ ಮುಂದೆ ಹೋದದ್ದಿಲ್ಲ. ಊರಿನ ವ್ಯಾಪಾರವು ಕುಶಲಿಗಳ ಕೈಯನ್ನು ಎಷ್ಟು ನೆಚ್ಚಿತ್ತೋ ದಾರಿಹೋಕರ ಬ್ರೇಕನ್ನೂ ಅಷ್ಟೇ ನೆಚ್ಚಿತ್ತೆಂದರೆ ಉತ್ಪ್ರೇಕ್ಷೆಯಾಗಲಾರದು.

ಈಗ ಸ್ಥಿತಿಯು ಬೇರೆಯಾಗಿದೆ. 2023ನೆಯ ಇಸವಿ ಮಾರ್ಚಿ 12ರಂದು ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ನಡುವೆ ವೇಗದ ಗಾಡಿಗಳಿಗೆ ಆರು ಪಥ, ಎರಡು ಪಕ್ಕಗಳಲ್ಲಿಯೂ ಊರಿನವರ ಓಡಾಟಕ್ಕೆ ಎರಡೆರಡು ಪಥ, ಒಟ್ಟು ಸುಮಾರು 118 ಕಿಲೋಮೀಟರು. ಬಿಡದಿ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಅದು ಬಳಸಿಕೊಂಡೋ ಮೇಲಿನಿಂದ ಹಾಯ್ದೋ ಹೋಗುತ್ತದೆ. ರಾಮನಗರ ಚನ್ನಪಟ್ಟಣಗಳನ್ನು ಒಟ್ಟಾಗಿ ಬಳಸುವ ಭಾಗವೊಂದೇ ಸುಮಾರು 22 ಕಿಲೋಮೀಟರು ಇದೆ. ಈ ಬಳಸುದಾರಿಯಲ್ಲಿ ಹೋಗುವವನಿಗೆ ಚನ್ನಪಟ್ಟಣವು ದೂರದ ಮನೆಗಳ ಒಂದು ಗೆರೆಯಾಗಿ ತೋರಿ ಮಾಯವಾಗುತ್ತದೆ. ಮೂರು ಗಂಟೆಯ ಪ್ರಯಾಣವು ಅರ್ಧಕ್ಕೆ ಇಳಿಯಿತೆಂದು ಜನರು ಸಂತೋಷಪಟ್ಟರು, ಅದು ನ್ಯಾಯವೇ. ಹಳೆಯ ದಾರಿಯ ಬೊಂಬೆಯಂಗಡಿಯವರು ಮಾತ್ರ ಬಾಗಿಲಲ್ಲಿ ಕುಳಿತು ರಸ್ತೆಯನ್ನು ನೋಡುವಂತಾಯಿತು.

ಇಷ್ಟು ಪೀಠಿಕೆಯನ್ನು ಹೇಳಿದುದಕ್ಕೆ ಕಾರಣವುಂಟು. ನಮ್ಮ ಗೃಹಸ್ಥರು ಮೋಟಾರನ್ನು ಕೊಳ್ಳುವಾಗ ಅದು ಎಷ್ಟು ವೇಗವಾಗಿ ಓಡುವುದು, ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಹೋಗುವುದು ಎಂಬುದನ್ನು ಚೆನ್ನಾಗಿ ವಿಚಾರಿಸುತ್ತಾರೆ. ಅದನ್ನು ನಿಲ್ಲಿಸುವುದಕ್ಕೆ ಏನು ಖರ್ಚು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆ ಖರ್ಚನ್ನು ನನ್ನ ಮಿತ್ರರೊಬ್ಬರು ಚನ್ನಪಟ್ಟಣದಲ್ಲಿ, ನನ್ನ ಎದುರಿನಲ್ಲಿಯೇ ತಿಳಿದುಕೊಂಡರು.

ಮಿತ್ರರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು, ಮಿತವ್ಯಯಿಗಳು. ಆದರೆ ಚಿಕ್ಕಂದಿನಿಂದ ವೇಗದ ಗಾಡಿಗಳ ಮೇಲೆ ಅವರಿಗೊಂದು ಆಸೆಯಿತ್ತು. ಏಳು ವರ್ಷ ಓಡಿದ್ದ ಜರ್ಮನಿ ದೇಶದ ಒಂದು ವೇಗದ ಕಾರು, ಹೊಸದಾಗಿದ್ದಾಗಿನ ಬೆಲೆಯ ಮೂರನೆಯ ಒಂದು ಪಾಲಿಗೆ ಸಿಕ್ಕಿತು. ಹೊಸದೊಂದು ಸಾಧಾರಣ ಕಾರಿಗೆ ಕೊಡುವ ಹಣದಲ್ಲಿ ಇಂಥದು ಬಂದಿತಲ್ಲಾ ಎಂದು ಅವರು ಹಿಗ್ಗಿದರು. ಅವರ ಮನೆಯವರು, "ಆ ಹಣದಲ್ಲಿ ಸೋರುವ ತಾರಸಿಯನ್ನು ಸರಿಮಾಡಿಸಬಹುದಾಗಿತ್ತು" ಎಂದು ಒಂದು ಸಲ ಹೇಳಿ ಸುಮ್ಮನಾದರು. ಹಿಂದಿನ ತಿಂಗಳಿನಿಂದಲೂ ಚಾಲಕನ ಎದುರಿನ ಫಲಕದಲ್ಲಿ ಬ್ರೇಕಿನ ದೀಪವು ಹತ್ತಿಕೊಂಡಿತ್ತು. ಕಾರ್ಖಾನೆಗೆ ಒಯ್ದರೆ ಬಿಲ್ಲು ಬೆಳೆಯುತ್ತದೆಂಬ ಭಯದಿಂದ ಮಿತ್ರರು ಅದನ್ನು ಮುಂದೂಡಿದ್ದರು.

ಒಂದು ಭಾನುವಾರ ಅವರೂ ಅವರ ಮಗಳೂ ವರ್ಷ ತುಂಬದ ಮೊಮ್ಮಗಳೂ ನಾನೂ ಹೊರಟೆವು. ಮಗುವಿಗೆ ಹಿಡಿದು ನಡೆಯುವ ಮೂರು ಚಕ್ರದ ಮರದ ಗಾಡಿಯನ್ನು ಚನ್ನಪಟ್ಟಣದಲ್ಲಿ ತರುವುದು ಉದ್ದೇಶ. ಹೊಸ ದಾರಿಯಲ್ಲಿ ಬಂದು, ರಾಮನಗರಕ್ಕೆ ಮೊದಲೇ ಅದನ್ನು ಬಿಟ್ಟು ಹಳೆಯ ದಾರಿಗೆ ಇಳಿದೆವು. ಕೆಂಗಲ್ಲಿನ ಹತ್ತಿರ ಗುಡಿಗೆ ಬಂದ ಜನರು ರಸ್ತೆ ದಾಟುತ್ತಿದ್ದರು. ಮಿತ್ರರು ಬ್ರೇಕನ್ನು ಒತ್ತಿದೊಡನೆ ಚಕ್ರದೊಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರ್ಕಶ ಸದ್ದು ಎದ್ದಿತು. ಗಾಡಿಯು ನಿಂತಿತು, ಆದರೆ ನಿಲ್ಲಬೇಕಾದ ಸ್ಥಳಕ್ಕಿಂತ ಒಂದು ಮಾರು ಮುಂದೆ. ಅಲ್ಲಿಂದ ನಡಿಗೆಯ ವೇಗದಲ್ಲಿ ಚನ್ನಪಟ್ಟಣವನ್ನು ಸೇರಿ ರಸ್ತೆಯ ಪಕ್ಕದ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆವು.

ಗ್ಯಾರೇಜಿನವನು ಇಪ್ಪತ್ತೈದು ವರ್ಷದ ಹುಡುಗ. ಗಾಡಿಯ ಹೆಸರನ್ನು ನೋಡಿ ಮೊದಲು ಹಿಂಜರಿದನು. ಆಮೇಲೆ ಜಾಕಿ ಕೊಟ್ಟು ಮುಂದಿನ ಚಕ್ರವನ್ನು ಬಿಚ್ಚಿದನು. ಒಳಗೆ ಊಟದ ತಟ್ಟೆಗಿಂತ ದೊಡ್ಡದಾದ ಕಬ್ಬಿಣದ ಬಿಲ್ಲೆ, ಅದನ್ನು ಎರಡು ಕಡೆಯಿಂದಲೂ ಹಿಡಿಯುವ ಕ್ಯಾಲಿಪರು. ಬಿಲ್ಲೆಯ ಮೇಲೆ ಬೆರಳಾಡಿಸಿದರೆ ಅಂಚಿನಲ್ಲಿ ಮೆಟ್ಟಿಲಿನಂಥ ಏಣು ಸಿಕ್ಕುತ್ತಿತ್ತು. ಅಷ್ಟು ಕಬ್ಬಿಣವು ಸವೆದುಹೋಗಿತ್ತು. ಅವನು ಪ್ಯಾಡನ್ನು ಹೊರಕ್ಕೆ ತೆಗೆದು ಮಿತ್ರರ ಅಂಗೈಯಲ್ಲಿಟ್ಟನು.

"ನೋಡಿ ಸಾರ್, ಇದರಲ್ಲಿ ಮಸಾಲೆಯೇ ಉಳಿದಿಲ್ಲ. ಬರೀ ತಗಡು. ಅದು ಡಿಸ್ಕನ್ನು ತಿನ್ನುತ್ತಾ ಇದೆ."

"ನಿಧಾನವಾಗಿ ಬೆಂಗಳೂರಿನವರೆಗೆ ಹೋಗಬಹುದೇ?" ಎಂದು ಮಿತ್ರರು ಕೇಳಿದರು.

ಹುಡುಗನು ಕಾರಿನ ಕಡೆಗೆ ತಿರುಗಿ ತಾಯಿಯ ಮಡಿಲಲ್ಲಿದ್ದ ಮಗುವನ್ನು ನೋಡಿದನು. "ನೀವು ಒಬ್ಬರೇ ಆಗಿದ್ದರೂ ಬೇಡ ಅಂತಿದ್ದೆ ಸಾರ್. ಮಗೂನ ಕೂರಿಸಿಕೊಂಡು ಹೊರಡ್ತೀನಿ ಅಂದರೆ ನಾನು ಈ ಚಕ್ರ ಹಾಕಿಕೊಡೋದಿಲ್ಲ."

ಆ ಗಾಡಿಯ ಪ್ಯಾಡು ಚನ್ನಪಟ್ಟಣದಲ್ಲಿ ಸಿಕ್ಕತಕ್ಕದ್ದಲ್ಲ. ಬೆಂಗಳೂರಿನ ಒಂದು ಕಾರ್ಖಾನೆಗೆ ಫೋನು ಮಾಡಿ ವಿಚಾರಿಸಿದ್ದಾಯಿತು. ನಾಲ್ಕು ಚಕ್ರಗಳ ಡಿಸ್ಕು, ಪ್ಯಾಡು, ಸವೆತವನ್ನು ತಿಳಿಸುವ ತಂತಿ, ಬ್ರೇಕ್ ಆಯಿಲು, ಕೂಲಿ, ತೆರಿಗೆ ಎಲ್ಲವೂ ಸೇರಿ ಎರಡು ಲಕ್ಷ ರೂಪಾಯಿಯ ಮೇಲಾಗುವುದೆಂದು ತಿಳಿಯಿತು. ಮಿತ್ರರು ಫೋನನ್ನು ಕೆಳಗಿಟ್ಟು ಬಹಳ ಹೊತ್ತು ಮಾತನಾಡಲಿಲ್ಲ. ತಾರಸಿಯ ರಿಪೇರಿಗೆಂದು ಕೂಡಿಟ್ಟಿದ್ದ ಹಣವೂ ಹೆಚ್ಚುಕಡಮೆ ಅಷ್ಟೇ ಎಂಬುದು ನನಗೆ ಗೊತ್ತಿತ್ತು.

ಗಾಡಿಯನ್ನು ಎತ್ತಿಕೊಂಡು ಹೋಗುವ ಲಾರಿಯು ಬರುವುದಕ್ಕೆ ಎರಡು ಗಂಟೆ ಆಗುವುದೆಂದರು. ಅಷ್ಟರೊಳಗೆ ಬಂದ ಕೆಲಸವನ್ನಾದರೂ ಮುಗಿಸೋಣವೆಂದು ಆಟೋ ಮಾಡಿಕೊಂಡು ಕುಶಲಿಗಳು ವಾಸಿಸುವ ಕಲಾನಗರಕ್ಕೆ ಹೋದೆವು. ಚನ್ನಪಟ್ಟಣದ ಈ ಕಸಬಿಗೆ ಟೀಪೂ ಸುಲ್ತಾನನ ಕಾಲದಲ್ಲಿ ಪರ್ಷಿಯ ದೇಶದ ಕುಶಲಿಗಳಿಂದ ಮೊದಲಾಯಿತೆಂದು ಹೇಳುವ ರೂಢಿಯುಂಟು. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಕ್ರಮಗಳನ್ನು ಇಲ್ಲಿಗೆ ತಂದ ಬಾವಾಸ್ ಮಿಯಾ ಅವರನ್ನು ಊರಿನವರು ಇಂದಿಗೂ ಗೌರವದಿಂದ ನೆನೆಯುವರು. ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಕಾನೂನು ರಕ್ಷಣೆಯೂ ದೊರೆತಿದೆ.

ನಾವು ಹೋದ ಮನೆಯ ಮುಂಭಾಗದಲ್ಲಿ ವಯಸ್ಸಾದ ಕುಶಲಿಯೊಬ್ಬರು ಲೇತಿನ ಮುಂದೆ ಕುಳಿತಿದ್ದರು. ಆಲೆಮರದ ಬಿಳಿಯ ತುಂಡೊಂದು ಗಿರ್ರನೆ ತಿರುಗುತ್ತಿತ್ತು. ಉಳಿಯನ್ನು ತಾಗಿಸಿದೊಡನೆ ಮರವು ದಾರದಂತೆ ಸುಲಿದು ಬಂದು ಚಕ್ರದ ಆಕಾರವು ಮೂಡಿತು. ಆಮೇಲೆ ಅವರು ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಒಲೆಯಿಲ್ಲ, ಬೆಂಕಿಯಿಲ್ಲ. ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರವನ್ನು ಹತ್ತಿಕೊಂಡಿತು. ಒಂದು ತುಂಡು ತಾಳೆಗರಿಯನ್ನು ಒತ್ತಿದೊಡನೆ ಬಣ್ಣವು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯಿತು. ಅಂಗೈಯಗಲದ ಕೆಲಸವನ್ನು ಮುಗಿಸಲು ಎರಡು ನಿಮಿಷ ಹಿಡಿಯಲಿಲ್ಲ.

ಗ್ಯಾರೇಜಿನಲ್ಲಿ ಕಂಡದ್ದಕ್ಕೂ ಇಲ್ಲಿ ಕಂಡದ್ದಕ್ಕೂ ಇರುವ ಸಂಬಂಧವು ನನಗೆ ಆಗ ಹೊಳೆಯಿತು. ತಿರುಗುವ ವಸ್ತುವಿಗೆ ಮತ್ತೊಂದನ್ನು ಒತ್ತಿ ಹಿಡಿದರೆ ಬಿಸಿಯು ಹುಟ್ಟುವುದು, ಒತ್ತಿದ ವಸ್ತುವು ಸವೆಯುವುದು. ಕುಶಲಿಗೆ ಅರಗು ಸವೆಯುವುದೇ ಲಾಭ, ಸವೆದದ್ದೆಲ್ಲವೂ ಮರದ ಮೇಲೆ ಬಣ್ಣವಾಗಿ ನಿಲ್ಲುತ್ತದೆ. ಮೋಟಾರಿನಲ್ಲಿ ಸವೆದದ್ದು ಕರಿಯ ಧೂಳಾಗಿ ಚಕ್ರಕ್ಕೆ ಅಂಟುತ್ತದೆ, ಉಳಿದದ್ದು ಗಾಳಿಗೆ ಹೋಗುತ್ತದೆ. ಮಿತ್ರರ ಮನೆಯಲ್ಲಿ ವಾರಕ್ಕೊಮ್ಮೆ ಒರಸುತ್ತಿದ್ದ ಆ ಕರಿಯ ಧೂಳು ಎರಡು ಲಕ್ಷ ರೂಪಾಯಿಯ ಒಂದೊಂದು ಚೂರೇ ಆಗಿತ್ತು.

ಅರಗನ್ನು ಮೆತ್ತಗೆ ಮಾಡುವುದಕ್ಕೆ ಕುದಿಯುವ ನೀರಿನಷ್ಟು ಶಾಖವೂ ಬೇಡ. ಮೋಟಾರನ್ನು ನಿಲ್ಲಿಸುವ ಶಾಖವೇ ಬೇರೆ. 1,500 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 100 ಕಿಲೋಮೀಟರು ವೇಗದಿಂದ ಓಡುತ್ತಿದ್ದರೆ ಅದರಲ್ಲಿ ಸುಮಾರು 5 ಲಕ್ಷ 80 ಸಾವಿರ ಜೂಲುಗಳಷ್ಟು ಶಕ್ತಿ ಅಡಗಿರುತ್ತದೆ. ನಿಲ್ಲಿಸಿದಾಗ ಅದರ ಬಹುಭಾಗವು ಬ್ರೇಕಿನಲ್ಲಿ ಶಾಖವಾಗಿ ತೀರಬೇಕು. ಅಡಿಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದೂ ಮುಕ್ಕಾಲು ಲೀಟರು ತಣ್ಣೀರನ್ನು ಮರಳುವ ಹದಕ್ಕೆ ತರುವಷ್ಟು ಶಾಖವು ನಾಲ್ಕೈದು ಸೆಕೆಂಡುಗಳಲ್ಲಿ ಆ ಬಿಲ್ಲೆಗಳಲ್ಲಿ ಹುಟ್ಟುತ್ತದೆ. ವೇಗವು ಅರ್ಧವಾದರೆ ಶಾಖವು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ವೇಗವನ್ನು 100ರಿಂದ 140ಕ್ಕೆ ಏರಿಸಿದರೆ ಶಾಖವು ಹೆಚ್ಚುಕಡಮೆ ಎರಡರಷ್ಟಾಗುತ್ತದೆ. ಹಳೆಯ ದಾರಿಯಲ್ಲಿ ಊರೂರಿಗೂ ಉಬ್ಬುತಗ್ಗುಗಳಲ್ಲಿಯೂ ಬ್ರೇಕನ್ನು ಒತ್ತುತ್ತಿದ್ದೆವು, ನಿಜ. ಒಂದೊಂದು ಸಲವೂ ಅದು ತೆರುತ್ತಿದ್ದ ಕಂದಾಯವು ಅಲ್ಪ. ಹೊಸ ದಾರಿಯಲ್ಲಿ ಗಂಟೆಯ ಕಾಲ ಕಾಲು ಬ್ರೇಕಿನ ಕಡೆಗೆ ಹೋಗದೆ ಇದ್ದು, ಆಮೇಲೆ ಒಂದೇ ಸಲಕ್ಕೆ ಬಡ್ಡಿಸಹಿತ ತೆರಬೇಕಾಗುತ್ತದೆ.

ವೇಗದ ಗಾಡಿಯ ಬ್ರೇಕು ಏಕೆ ಇಷ್ಟು ದುಬಾರಿ ಎಂದು ಮಿತ್ರರು ರೈಲಿನಲ್ಲಿ ಕುಳಿತು ಕೇಳಿದರು. ಲಾರಿಯ ಮೇಲೆ ಗಾಡಿಯನ್ನು ಕಳುಹಿಸಿ ನಾವು ಚನ್ನಪಟ್ಟಣದ ನಿಲ್ದಾಣದಲ್ಲಿ ಬೆಂಗಳೂರಿನ ರೈಲನ್ನು ಹತ್ತಿದ್ದೆವು. ಕಾರಣಗಳು ಹಲವು. ಸಣ್ಣ ಕಾರಿನ ಮುಂದಿನ ಪ್ಯಾಡುಗಳು ಎರಡು ಮೂರು ಸಾವಿರ ರೂಪಾಯಿಗೆ ಸಿಕ್ಕುವುವು. ಊರೊಳಗೆ ಮೆಲ್ಲಗೆ ಓಡಿಸಿದರೆ ನಲವತ್ತು ಸಾವಿರ ಕಿಲೋಮೀಟರು ಬಾಳುವುದೂ ಉಂಟು. ವೇಗದ ಕಾರು ತೂಕದಲ್ಲಿ ಹೆಚ್ಚು. ಅದರ ಬಿಲ್ಲೆ ದೊಡ್ಡದು, ಗಾಳಿಯಾಡಲು ನಡುವೆ ಸಂದುಗಳಿರುವುವು. ಪ್ಯಾಡಿನ ಮಸಾಲೆಯು ಬಿಸಿಯಲ್ಲಿಯೂ ಬಿಗಿಯಾಗಿ ಕಚ್ಚುವ ಜಾತಿಯದು. ಬಿಗಿಯಾಗಿ ಕಚ್ಚುವುದು ಬೇಗ ಸವೆಯುವುದು, ಡಿಸ್ಕನ್ನೂ ಸವೆಸುವುದು. ಹುರುಪಿನಿಂದ ಓಡಿಸುವವರ ಕೈಯಲ್ಲಿ ಅದರ ಆಯುಸ್ಸು ಅರ್ಧಕ್ಕೆ ಇಳಿಯುವುದು ಸಾಮಾನ್ಯ. ಪಂದ್ಯದ ಅಂಗಳದಲ್ಲಿ ಓಡಿಸಿದರೆ ಒಂದೆರಡು ದಿನಗಳಲ್ಲಿ ಒಂದು ಜೊತೆ ಮುಗಿದುಹೋಗುವುದುಂಟು. ಮತ್ತೊಂದು ವಿಚಿತ್ರವೆಂದರೆ ಈ ಗಾಡಿಗಳಲ್ಲಿ ತಿರುವಿನಲ್ಲಿ ಜಾರದಂತೆ ಕಾಯುವ ಯಂತ್ರಬುದ್ಧಿಯೊಂದಿದೆ. ಅದು ಚಾಲಕನಿಗೆ ತಿಳಿಯದಂತೆಯೇ ಆಗಾಗ ಒಂದೊಂದು ಚಕ್ರದ ಬ್ರೇಕನ್ನು ಒತ್ತುತ್ತಿರುತ್ತದೆ. ಒಡೆಯನು ಒತ್ತದೆ ಇದ್ದರೂ ಹಿಂದಿನ ಪ್ಯಾಡು ಸವೆದಿರುವುದಕ್ಕೆ ಇದೂ ಒಂದು ಕಾರಣ.

ಡಿಸ್ಕ್ ಬ್ರೇಕಿನ ಕಲ್ಪನೆಯು ಹಳೆಯದು. ಇಂಗ್ಲೆಂಡಿನ ಲ್ಯಾಂಚೆಸ್ಟರು 1902ರಲ್ಲಿಯೇ ಅದಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಅದರ ಯೋಗ್ಯತೆಯು ಲೋಕಕ್ಕೆ ತಿಳಿದದ್ದು 1953ರಲ್ಲಿ. ಆ ವರ್ಷ ಫ್ರಾನ್ಸಿನ ಲ ಮಾನ್ ಊರಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಡಿಸ್ಕ್ ಬ್ರೇಕು ಹಾಕಿದ್ದ ಜಾಗ್ವಾರ್ ಗಾಡಿಯು ಗೆದ್ದಿತು. ಡ್ರಮ್ ಬ್ರೇಕಿನ ಗಾಡಿಗಳು ಬಿಸಿಯಾಗಿ ಹಿಡಿತ ಕಳೆದುಕೊಳ್ಳುವ ಭಯಕ್ಕೆ ತಿರುವಿಗೆ ಬಹಳ ಮೊದಲೇ ವೇಗವನ್ನು ತಗ್ಗಿಸಬೇಕಾಗುತ್ತಿತ್ತು. ಇದಕ್ಕೆ ಆ ತೊಂದರೆಯಿರಲಿಲ್ಲ. ಹೀಗೆ ಆ ಗಾಡಿಯು ಹೆಚ್ಚು ಹೊತ್ತು ವೇಗವಾಗಿ ಓಡಿದ್ದು ಚೆನ್ನಾಗಿ ನಿಲ್ಲಬಲ್ಲ ಶಕ್ತಿಯಿಂದ. ಈಗ ಅತಿ ಬೆಲೆಯ ಗಾಡಿಗಳಿಗೆ ಕಬ್ಬಿಣವನ್ನು ಬಿಟ್ಟು ಇಂಗಾಲ ಬೆರೆಸಿದ ಪಿಂಗಾಣಿಯ ಬಿಲ್ಲೆಗಳನ್ನು ಹಾಕುತ್ತಾರೆ. ಊರಿನ ಓಡಾಟದಲ್ಲಿ ಅವು ಬಹು ಕಾಲ ಬಾಳುವುವು. ಆದರೆ ಕಲ್ಲು ಬಡಿದು ಮುಕ್ಕಾದರೆ ನಾಲ್ಕನ್ನೂ ಹೊಸದಾಗಿ ಹಾಕಿಸಲು ಹತ್ತು ಲಕ್ಷ ರೂಪಾಯಿಯನ್ನು ಮೀರಿದ ಖರ್ಚು. ಮಿತ್ರರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಆ ದಿನ ಮೊದಲ ಸಲ ಸ್ವಲ್ಪ ಸಮಾಧಾನವು ಕಂಡಿತು.

ಇದೆಲ್ಲವೂ ಹಣದ ಮಾತಾಯಿತು. ಹೊಸ ದಾರಿಯು ತೆರೆದ ಮೊದಲ ತಿಂಗಳುಗಳಲ್ಲಿ ರಾಮನಗರ, ಮಂಡ್ಯ ಜಿಲ್ಲೆಗಳಿಂದ ಸಾವಿನ ಸುದ್ದಿಯು ಮೇಲಿಂದ ಮೇಲೆ ಬರುತ್ತಿತ್ತು. ವೇಗದ ಮಿತಿಯನ್ನು ಗಂಟೆಗೆ 100 ಕಿಲೋಮೀಟರಿಗೆ ಕಟ್ಟಿ ಪೊಲೀಸರು ಅಳೆಯುವ ಯಂತ್ರಗಳನ್ನು ಹಿಡಿದು ನಿಂತರು. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳನ್ನು ನಡುವಿನ ಪಥಗಳಲ್ಲಿ ಬಿಡದೆ ಪಕ್ಕದ ರಸ್ತೆಗೆ ಕಳುಹಿಸಿದರು. ಆಮೇಲೆ ಕ್ಯಾಮರಾಗಳನ್ನು ನೆಟ್ಟರು. 100 ಎಂಬ ಸಂಖ್ಯೆಯನ್ನು ಸರ್ಕಾರದ ಕಿರುಕುಳವೆಂದು ಬಗೆಯುವವರು ಈ ಲೆಕ್ಕವನ್ನು ನೋಡಬಹುದು. ಒಣಗಿದ ರಸ್ತೆ, ಹೊಸ ಟೈರು, ಹೊಸ ಬ್ರೇಕುಗಳಿದ್ದರೆ ಒಳ್ಳೆಯ ಕಾರೊಂದು 100ರ ವೇಗದಿಂದ ನಿಲ್ಲುವುದಕ್ಕೆ ಸುಮಾರು 40 ಮೀಟರು ಬೇಕು. ಕಣ್ಣು ಕಂಡು ಕಾಲು ಆಡುವ ಒಂದು ಸೆಕೆಂಡಿನಲ್ಲಿ 28 ಮೀಟರು ಆಗಲೇ ಕಳೆದಿರುತ್ತದೆ. ಒಟ್ಟು 68. ಅದೇ ಕಾರು 140ರಲ್ಲಿದ್ದರೆ ಮೊತ್ತವು 115 ಮೀಟರನ್ನು ದಾಟುತ್ತದೆ. ಪ್ಯಾಡು ತೀರಿದ್ದರೆ ಇನ್ನೆಷ್ಟು ಎಂಬುದಕ್ಕೆ ಲೆಕ್ಕವೇ ಇಲ್ಲ. ಕೆಂಗಲ್ಲಿನಲ್ಲಿ ನಾವು 40ರ ವೇಗದಲ್ಲಿ ಬರುತ್ತಿದ್ದೆವು. ಅದಕ್ಕೆ ಕಾಲು ಗಂಟೆಯ ಹಿಂದೆ, ಹೊಸ ದಾರಿಯಲ್ಲಿ, ಅದೇ ಬ್ರೇಕಿನ ಮೇಲೆ 100ರಲ್ಲಿ ಬಂದಿದ್ದೆವು. ಇದನ್ನು ರೈಲಿನಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಮಗಳು ಮಾತ್ರ ಮಗುವನ್ನು ಬೆಂಗಳೂರಿನವರೆಗೂ ಮಡಿಲಿನಿಂದ ಕೆಳಗಿಳಿಸಲಿಲ್ಲ.

ಮೋಟಾರನ್ನು ಇಟ್ಟುಕೊಂಡಿರುವ ವಾಚಕರಿಗೆ ಆ ಗ್ಯಾರೇಜಿನ ಹುಡುಗನು ಹೇಳಿದ ಒಂದೆರಡು ಮಾತುಗಳನ್ನು ತಿಳಿಸುವುದು ಉಪಯುಕ್ತವಾದೀತು. ಹೊಸ ಪ್ಯಾಡಿನ ಮಸಾಲೆಯು ಹತ್ತು ಹನ್ನೆರಡು ಮಿಲಿಮೀಟರು ದಪ್ಪವಿರುತ್ತದೆ. ಮೂರಕ್ಕೆ ಇಳಿದಾಗ ಬದಲಾಯಿಸಿಬಿಡಬೇಕು. ಆಗ ಬದಲಾಯಿಸಿದರೆ ಖರ್ಚು ಪ್ಯಾಡಿನದು ಮಾತ್ರ. ತಗಡಿನವರೆಗೆ ಬಿಟ್ಟರೆ ಡಿಸ್ಕಿನದೂ ಸೇರಿ ಮೂರು ನಾಲ್ಕು ಪಟ್ಟಾಗುವುದು. ಮಿತ್ರರು ದೀಪವು ಹತ್ತಿದ ವಾರದಲ್ಲಿಯೇ ಹೋಗಿದ್ದರೆ ತಾರಸಿಯ ಹಣದಲ್ಲಿ ಬಹುಪಾಲು ಉಳಿಯುತ್ತಿತ್ತು. ಡಿಸ್ಕು ಎಷ್ಟು ತೆಳ್ಳಗಾಗುವವರೆಗೆ ಬಳಸಬಹುದೆಂಬುದನ್ನು ಅದರ ಮೇಲೆಯೇ ಅಚ್ಚುಹಾಕಿರುತ್ತಾರೆ. ಬಲದ ಚಕ್ರಕ್ಕೆ ಹೊಸದು, ಎಡದ್ದಕ್ಕೆ ಹಳೆಯದು ಎಂಬ ಉಳಿತಾಯವು ಕೂಡದು, ಗಾಡಿಯು ಒಂದು ಕಡೆಗೆ ಎಳೆಯುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಹೊಸದಾಗಿದ್ದಾಗ 230 ಡಿಗ್ರಿಯವರೆಗೆ ಕುದಿಯದೆ ತಡೆಯುವ ಆಯಿಲು, ತೇವ ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟುವುದೇ ಹೊರತು ಚಕ್ರವು ನಿಲ್ಲುವುದಿಲ್ಲ. ಆದಕಾರಣ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಾಯಿಸತಕ್ಕದ್ದು. ಇನ್ನು ಹಳೆಯ ವೇಗದ ಕಾರನ್ನು ಕೊಳ್ಳಬಯಸುವವರು, ಕೊಳ್ಳುವ ಮೊದಲೇ ನಾಲ್ಕು ಚಕ್ರಗಳನ್ನೂ ಬಿಚ್ಚಿಸಿ ನೋಡಿ, ಬ್ರೇಕಿನ ಬೆಲೆಯನ್ನು ಗಾಡಿಯ ಬೆಲೆಗೆ ಕೂಡಿಸಿಕೊಳ್ಳಲಿ. ಗಾಡಿಯ ಬೆಲೆಯು ಏಳು ವರ್ಷಗಳಲ್ಲಿ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ, ಅದರ ಡಿಸ್ಕಿನ ಬೆಲೆಯು ಇಳಿಯುವುದಿಲ್ಲ.

ಮಿತ್ರರು ಗಾಡಿಯನ್ನು ಮಾರುವುದೋ ಸರಿಮಾಡಿಸುವುದೋ ಎಂದು ಒಂದು ವಾರ ಯೋಚಿಸಿದರು. ಅದೇ ಸ್ಥಿತಿಯಲ್ಲಿ ಮಾರಿಬಿಡಿ, ಕೊಂಡವನು ನೋಡಿಕೊಳ್ಳುತ್ತಾನೆ ಎಂದು ಸಲಹೆ ಕೊಟ್ಟವರೂ ಇದ್ದರು. ಅದಕ್ಕೆ ಅವರ ಮನೆಯವರೇ ಒಪ್ಪಲಿಲ್ಲ. "ನಮ್ಮ ಮಗು ಕೂರಬಾರದ ಗಾಡಿಯಲ್ಲಿ ಇನ್ನೊಬ್ಬರ ಮಗು ಕೂರಬಹುದೇ?" ಎಂದರು. ತಾರಸಿಯ ಮೇಲೆ ಆ ಮಳೆಗಾಲಕ್ಕೆ ಟಾರ್ಪಾಲು ಬಂದಿತು.

ಹೊಸ ಪ್ಯಾಡನ್ನು ಹಾಕಿದ ಮೇಲೆ ಮೊದಲ ಮುನ್ನೂರು ಕಿಲೋಮೀಟರು ಜೋರಾಗಿ ಒತ್ತದೆ, ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಅದನ್ನು ಡಿಸ್ಕಿಗೆ ಹೊಂದಿಸಬೇಕೆಂದು ಕಾರ್ಖಾನೆಯವರು ಹೇಳಿದರಂತೆ. ಅದಕ್ಕೆ ತಕ್ಕ ದಾರಿ ಯಾವುದೆಂದು ಮಿತ್ರರು ಬಹಳ ಯೋಚಿಸಬೇಕಾಗಲಿಲ್ಲ. ಹೊಸ ಹೆದ್ದಾರಿಯಲ್ಲಿ ಒತ್ತುವ ಸಂದರ್ಭವೇ ಬಾರದು. ಹಳೆಯ ದಾರಿಯಲ್ಲಿ ಬಿಡದಿಯ ಪೇಟೆ, ರಾಮನಗರದ ಬಸ್ಸುಗಳು, ಕೆಂಗಲ್ಲಿನ ಭಕ್ತರು, ಅಡ್ಡ ಬರುವ ಎಮ್ಮೆಗಳು, ಎಲ್ಲರೂ ಸೇರಿ ಅರ್ಧ ಮೈಲಿಗೊಮ್ಮೆ ಕಾಲನ್ನು ಬ್ರೇಕಿಗೆ ಕರೆಯುವರು. ಎರಡು ಭಾನುವಾರ ಅವರು ಮನೆಯವರನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಮೈಸೂರಿನವರೆಗೆ ಹೋಗಿ ಬಂದರು. ಹೋಗುವಾಗ ಗ್ಯಾರೇಜಿನ ಹುಡುಗನಿಗೆ ಒಂದು ಪೊಟ್ಟಣ ಸಿಹಿ ಕೊಟ್ಟರೆಂದೂ, ಅವನು ಗಾಡಿಯನ್ನು ಬೀದಿಯ ಕೊನೆಯವರೆಗೆ ಓಡಿಸಿ ನೋಡಿ "ಈಗ ಸರಿ" ಎಂದನೆಂದೂ ತಿಳಿಸಿದರು.

ಬೆಂಗಳೂರಿನಿಂದ ಬೊಂಬೆಗಾಗಿ ಹೋಗುವವರು ರಾಮನಗರಕ್ಕೆ ಮುಂಚೆಯೇ ಹೊಸ ದಾರಿಯನ್ನು ಬಿಡುವುದನ್ನು ಮರೆಯಬಾರದು. ಅಲ್ಲಿ ತಪ್ಪಿದರೆ ಬಳಸುದಾರಿಯು ಎರಡು ಊರುಗಳನ್ನೂ ದಾಟಿಸಿಬಿಡುತ್ತದೆ. ಹಳೆಯ ದಾರಿಯ ಅಂಗಡಿಗಳು ಕತ್ತಲಾಗುವವರೆಗೂ ತೆರೆದಿರುತ್ತವೆ. ಮೂರು ಚಕ್ರದ ನಡೆಗಾಡಿಯನ್ನು ಕೊಳ್ಳುವಾಗ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರೆ ಅಂಗಡಿಯವರು ಬೇಸರಪಡುವುದಿಲ್ಲ. ಸ್ವಲ್ಪ ಬಿಗಿಯಾಗಿ ತಿರುಗುವುದನ್ನೇ ಆರಿಸಿಕೊಡುತ್ತಾರೆ, ಹೊಸದಾಗಿ ನಡೆಯಕಲಿಯುವ ಮಗುವಿನ ಕೈಯಿಂದ ಅದು ಓಡಿಹೋಗುವುದಿಲ್ಲ.